ಬರೆದುಕೊಟ್ಟ ಭಾಷಣ ಸಾಕು
ಪ್ರತಿಭಾ ಕಾರಂಜಿಯ ದಿನಗಳು ಬಂದವೆಂದರೆ ನಮ್ಮ ಎಷ್ಟೋ ಪ್ರೌಢಶಾಲೆಗಳಲ್ಲಿ ಭಾಷಣ ಬರೆಯುವ ಕೆಲಸ ಮೇಷ್ಟ್ರ ಪಾಲಿಗೆ, ಉರು ಹೊಡೆಯುವ ಕೆಲಸ ಮಕ್ಕಳ ಪಾಲಿಗೆ. ನಡುವೆ ಒಂದು ಸಾಲು ಮರೆತರೆ ಮಗು ನಿಂತಲ್ಲೇ ಬೆವರುತ್ತದೆ. ಮಾತು ತನ್ನದಲ್ಲವಲ್ಲ, ಮುಂದಿನದನ್ನು ಎಲ್ಲಿಂದ ತಂದೀತು? ಮಾತು ಕಲಿಸಲು ಕರಾವಳಿಯ ತಾಳಮದ್ದಳೆಗಿಂತ ಒಳ್ಳೆಯ ಪಾಠಶಾಲೆ ನನಗಂತೂ ಕಾಣದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅದನ್ನು ಹಿಡಿದುಕೊಂಡು ಅರ್ಥಧಾರಿ ಕೂತಲ್ಲೇ ಮಾತು ಕಟ್ಟಬೇಕು, ಎದುರು ಪಾತ್ರದ ಪ್ರಶ್ನೆಗೆ ಆ ಕ್ಷಣವೇ ಉತ್ತರಿಸಬೇಕು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನೂ ರಾವಣನನ್ನೂ ಜನ ಗಂಟೆಗಟ್ಟಲೆ ಕೂತು ಕೇಳಿದ್ದು ಇದಕ್ಕೇ. ಒಂಬತ್ತನೇ ತರಗತಿಯಲ್ಲೂ ಇದು ಸಾಧ್ಯ. ವಾಲಿವಧೆಯ ಕಥೆಯನ್ನು ಮಕ್ಕಳಿಂದಲೇ ಹೇಳಿಸಿ. ಬಾಣ ತಗುಲಿ ಬಿದ್ದ ವಾಲಿಯಾಗಿ ಒಬ್ಬಳು ರಾಮನನ್ನು ಪ್ರಶ್ನಿಸಲಿ, ರಾಮನಾಗಿ ಇನ್ನೊಬ್ಬ ಉತ್ತರಿಸಲಿ. ಮರೆಯಲು ಅಲ್ಲಿ ಸಾಲುಗಳೇ ಇರುವುದಿಲ್ಲ. ಎದುರಿನವರ ಮಾತನ್ನು ಗಮನವಿಟ್ಟು ಕೇಳದೆ ಬಾಯಿ ತೆರೆಯುವಂತೆಯೂ ಇಲ್ಲ. ಭಾಷಣ ಸ್ಪರ್ಧೆಗಳು ಕಲಿಸದೆ ಬಿಟ್ಟಿರುವುದು ಇದನ್ನೇ. ಮಾತಿನ ನಡುವೆ ಧಾರವಾಡದ್ದೋ ಕುಂದಾಪುರದ್ದೋ ಚಾಮರಾಜನಗರದ್ದೋ ಮನೆಗನ್ನಡ ನುಗ್ಗಿ ಬಂದರೆ ತಡೆದು ತಿದ್ದಬೇಡಿ. ಮೊದಲು ಅಂಜಿಕೆ ಬಿಡಲಿ, ವ್ಯಾಕರಣ ಆಮೇಲೆ. ಮೇಷ್ಟ್ರೇ, ಟೀಚರೇ, ಈ ವರ್ಷ ದಯವಿಟ್ಟು ಭಾಷಣ ಬರೆದುಕೊಡಬೇಡಿ; ಅದರ ಬದಲು ಮಕ್ಕಳ ಮಾತಿಗೆಂದೇ ವಾರಕ್ಕೊಂದು ಪೀರಿಯಡ್ ಬಿಟ್ಟುಕೊಡಿ.