ಕನೆಕ್ಷನ್ ತಗೊಂಡ್ರೆ ವಾಪಸ್ ಕೊಡಿ ಸ್ವಾಮಿ!

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದೆ, ಆಫೀಸಿನಿಂದ ಫೋನು. ಅಪ್ಲಿಕೇಶನ್ ನಿಂತುಹೋಗಿದೆಯಂತೆ. ಲಾಗ್ ನೋಡಿದರೆ ಅದೇ ಹಳೇ ರಾಗ: ಪೂಲ್‌ನಲ್ಲಿ ಕನೆಕ್ಷನ್ ಸಿಗದೆ 30 ಸೆಕೆಂಡ್ ಕಾದು ಸುಸ್ತಾಗಿದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಪೂಲ್ ಸೈಜನ್ನು 10ರಿಂದ 100ಕ್ಕೆ ಏರಿಸಿಬಿಟ್ಟಿದ್ದರು. ನಮ್ಮದು ನಾಲ್ಕು ಸರ್ವರ್, ಅಂದ್ರೆ ಒಟ್ಟು 400. ಹಿಂದಿರೋ ಪೋಸ್ಟ್‌ಗ್ರೆಸ್ ಡೀಫಾಲ್ಟಾಗಿ ಒಪ್ಪೋದೇ 100. ಅದೂ ಕೈ ಎತ್ತಿತು :)

ನನ್ನ ವಾದ ಇಷ್ಟೇ. ಪೂಲ್ ಖಾಲಿಯಾದಾಗ ನಂಬರ್ ಏರಿಸೋದು ಮದ್ದಲ್ಲ, ಜ್ವರ ಬಂದಾಗ ಥರ್ಮಾಮೀಟರ್ ಬದಲಾಯಿಸಿದ ಹಾಗೆ.

ನಮ್ಮೂರ ದೇವಸ್ಥಾನದಲ್ಲಿ ಮದುವೆ ಮುಂಜಿಗೆ ದೊಡ್ಡ ಪಾತ್ರೆಗಳನ್ನು ಕೊಡ್ತಾರೆ. ಕೆಲಸ ಮುಗಿದ ಮೇಲೆ ವಾಪಸ್ ತಂದಿಡಬೇಕು. ಹತ್ತೇ ಹಂಡೆಯಲ್ಲಿ ಇಡೀ ಊರು ನಡೆಯುತ್ತೆ, ಯಾರೂ ಮನೆಯಲ್ಲೇ ಇಟ್ಟುಕೊಳ್ಳದಿದ್ದರೆ! ಪೂಲ್ ಕೂಡ ಹಾಗೇ. ಅಲ್ಲಿ ಕ್ಲೋಸ್ ಅಂದರೆ ಕನೆಕ್ಷನ್ ಮುರಿಯೋದಲ್ಲ, ವಾಪಸ್ ಕೊಡೋದು. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್‌ಗೂ ಒಂದೊಂದು ಪ್ರತ್ಯೇಕ ಪ್ರಾಸೆಸ್. ನೂರು ಜನ ಒಟ್ಟಿಗೆ ನುಗ್ಗಿದರೆ ಡಿಸ್ಕು, ಸಿಪಿಯು ಹೆಚ್ಚಾಗಲ್ಲ, ನೂಕುನುಗ್ಗಲು ಹೆಚ್ಚಾಗುತ್ತೆ. ಹಿಕಾರಿ ಪೂಲ್‌ನವರು ಡೀಫಾಲ್ಟ್ 10 ಅಂತ ಇಟ್ಟಿರೋದು ಜಿಪುಣತನಕ್ಕಲ್ಲ.

ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಕಥೆಯೂ ಇಲ್ಲಿಗೇ ಬಂದು ಸೇರುತ್ತೆ. ಅದು ಬದುಕೋದು ಒಂದು ಕನೆಕ್ಷನ್ ಒಳಗೆ. ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್ ಡೀಫಾಲ್ಟಾಗಿ ಅದೇ ಕ್ವೆರಿ ಐದನೇ ಸಲ ಬಂದಾಗಲೇ ಅದನ್ನು ಸರ್ವರ್‌ನಲ್ಲಿ ಹೆಸರಿಟ್ಟು ಉಳಿಸೋದು. ಹತ್ತು ಕನೆಕ್ಷನ್ ಇದ್ದರೆ ಬೇಗ ಆ ಹಂತಕ್ಕೆ ಬರ್ತವೆ. ನೂರಿದ್ದರೆ ಪ್ರತಿಯೊಂದೂ ಮೊದಲಿಂದ ಕಲಿಯಬೇಕು.

ಆದರೆ ವೇಗ ಬರೀ ಲಾಭಾಂಶ. ಅಸಲು ಸುರಕ್ಷತೆ. ಹೆಸರನ್ನು ಕ್ವೆರಿಗೆ ಪ್ಲಸ್ ಹಾಕಿ ಅಂಟಿಸಿದ ಕೋಡಿಗೆ ಮಂಗಳೂರಿನ ಒಬ್ಬ ಡಿ'ಸೋಜ ಬಂದರೆ ಸಾಕು, ಆ ಒಂದು ಚಿಹ್ನೆಗೇ ಮುಗ್ಗರಿಸುತ್ತೆ. ಡಿ'ಸೋಜ ಪಾಪದವರು. ಅದೇ ಸಂದಿಯಲ್ಲಿ ಕಳ್ಳನೂ ನುಗ್ಗಬಹುದು. ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬೆಲೆಯನ್ನು ಬೇರೆಯಾಗಿ ಕೊಟ್ಟರೆ ಹೆಸರು ಹೆಸರಾಗೇ ಉಳಿಯುತ್ತೆ, ಆಜ್ಞೆ ಆಗಲ್ಲ.

ಸರಿ, ಆ ರಾತ್ರಿ ಏನಾಯ್ತು? ಸೈಜನ್ನು ಮತ್ತೆ 10ಕ್ಕೆ ಇಳಿಸಿ, ಲೀಕ್ ಡಿಟೆಕ್ಷನ್ ಆನ್ ಮಾಡಿದೆವು (ಡೀಫಾಲ್ಟಾಗಿ ಅದು ಆಫ್ ಇರುತ್ತೆ, ನೆನಪಿರಲಿ). ಒಂದು ರಿಪೋರ್ಟ್ ಫಂಕ್ಷನ್ ಸಿಕ್ಕಿಬಿತ್ತು. ಡೇಟಾ ಇಲ್ಲದಿದ್ದರೆ ಕ್ಲೋಸ್ ಮಾಡದೆ ಮಧ್ಯದಲ್ಲೇ ರಿಟರ್ನ್ ಆಗ್ತಿತ್ತು. ಟ್ರೈ-ವಿತ್-ರಿಸೋರ್ಸಸ್ ಜಾವಾಕ್ಕೆ ಬಂದದ್ದು 2011ರಲ್ಲಿ. ಅದನ್ನು ಬಳಸಿದ್ದರೆ ಈ ತಾಪತ್ರಯವೇ ಇರ್ತಿರಲಿಲ್ಲ. ಇಂಥಾ ಕೋಡ್ ಬರೆದ ಮಹಾನುಭಾವ ಯಾರಪ್ಪಾ ಅಂತ ಹಿಸ್ಟರಿ ತೆಗೆದರೆ... ನಾನೇ! ಎರಡು ವರ್ಷದ ಹಿಂದೆ ಬರೆದಿದ್ದೆ.

ನಂಬರ್ ಏರಿಸಿ ಮಲಗಿದ್ದರೆ ನನ್ನ ತಪ್ಪು ನನಗೇ ಗೊತ್ತಾಗ್ತಿರಲಿಲ್ಲ. ನಿಮ್ಮ ಪೂಲ್ ಸೈಜ್ ಎಷ್ಟು? ಯಾಕೆ ಅಷ್ಟು ಅಂತ ಯಾವತ್ತಾದ್ರೂ ಕೇಳಿಕೊಂಡಿದ್ದೀರಾ?