ವಿರಾಮದ ವಿನಿಯೋಗ: ಕಿರುರೈಲಿನ ಮಾನ

ಹೋದ ತಿಂಗಳು ಈ ಪುಟದಲ್ಲಿ ಹಳೆಯ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಿಕೊಳ್ಳುವ ಬಗೆಯನ್ನು ಬರೆದಿದ್ದೆನಷ್ಟೆ. ಈ ಸಲದ ವಿಷಯವು ಆಟಿಕೆಯದು. ಅರುವತ್ತು ದಾಟುತ್ತಿರುವ ಮೇಷ್ಟರಿಗೆ ಆಟಿಕೆಯ ಗೊಡವೆ ಏಕೆ ಎಂದು ವಾಚಕರು ನಗಬಹುದು. ನಮ್ಮ ಮನೆಯಾಕೆಯೇ ಮೊದಲು ನಕ್ಕು ಮುಗಿಸಿರುವಳಾದಕಾರಣ ಮಿಕ್ಕವರ ನಗೆಗೆ ನಾನು ಅಂಜುವುದಿಲ್ಲ.

ಸೇವೆಯಿಂದ ನಿವೃತ್ತನಾದ ದಿನ ಪಾಠಶಾಲೆಯಲ್ಲಿ ನನ್ನ ಪಾಲಿಗಿದ್ದ ಬೀರುವನ್ನು ಬರಿದುಮಾಡುತ್ತಿದ್ದೆನು. ಶಬ್ದಮಂಜರಿಯ ಹರಿದ ಪ್ರತಿಗಳು, ಒಣಗಿದ ಮಸಿಯ ಕುಡಿಕೆ, ಯಾರದೋ ಕನ್ನಡಕದ ಗೂಡು. ಎಲ್ಲಕ್ಕೂ ಕೆಳಗೆ, ವೃತ್ತಪತ್ರಿಕೆಯಲ್ಲಿ ಸುತ್ತಿದ್ದ ಒಂದು ಪೊಟ್ಟಣ. ಬಿಚ್ಚಿ ನೋಡಿದರೆ ಬೆಂಕಿಕಡ್ಡಿಗಳನ್ನು ಅಂಟಿಸಿ ಕಟ್ಟಿದ ಒಂದು ಬಸ್ಸು. ಸೋಡಾಸೀಸೆಯ ಬಿರಡೆಗಳೇ ಅದರ ಚಕ್ರಗಳು. ಕಂಡೊಡನೆ ಎಲ್ಲವೂ ಜ್ಞಾಪಕಕ್ಕೆ ಬಂದಿತು. ಇಪ್ಪತ್ತೈದು ವರ್ಷಗಳ ಕೆಳಗೆ ನಾನು ರಾಮಶಬ್ದವನ್ನು ಹೇಳಿಕೊಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ಇದನ್ನು ತೊಡೆಯ ಮೇಲೆ ಓಡಿಸುತ್ತಿದ್ದನು. ಕಿತ್ತುಕೊಂಡೆ. ಸಾಯಂಕಾಲ ಕೊಡುವೆನೆಂದೂ ಹೇಳಿದ್ದೆ. ಕೊಡಲಿಲ್ಲ. ಮಾರನೆಯ ವರ್ಷ ಆ ಹುಡುಗನು ಶಾಲೆಯನ್ನು ಬಿಟ್ಟನು.

ಇದು ನನ್ನನ್ನು ಹೆಚ್ಚಾಗಿ ಚುಚ್ಚಿದುದಕ್ಕೆ ಕಾರಣವುಂಟು. ಹತ್ತು ವರ್ಷದವನಾಗಿದ್ದಾಗ ನಾನೂ ಇಂಥ ಕಸಬಿನವನೇ. ನಾನು ಕಟ್ಟಿದ್ದುದು ರೈಲು. ಸಾಬೂನಿನ ರಟ್ಟಿನ ಪೆಟ್ಟಿಗೆಗಳು, ದಾರದ ಉರುಳೆಗಳು, ಮೈದಾ ಹಿಟ್ಟಿನ ಅಂಟು. ಅಣ್ಣನ ಪರೀಕ್ಷೆಯ ಕಾಲದಲ್ಲಿ ಅದರ ಗದ್ದಲ ಹೆಚ್ಚಾಯಿತೆಂದು ನಮ್ಮ ತಂದೆಯವರು ಅದನ್ನು ಬಚ್ಚಲೊಲೆಗೆ ಹಾಕಿದರು. ಆ ದಿನ ಅತ್ತವನು ಮುಂದೆ ಮೇಷ್ಟರಾಗಿ ಅದೇ ಕೆಲಸವನ್ನು ಮಾಡಿದೆನೆಂಬುದು ಬೀರುವಿನ ಮುಂದೆ ಕುಳಿತಾಗಲೇ ಹೊಳೆದದ್ದು.

ನಮ್ಮ ಊರಿನ ರೈಲನ್ನು ಕುರಿತು ಎರಡು ಮಾತು ಹೇಳಬೇಕು. ಈಗಿನ ಮಕ್ಕಳು ಅದನ್ನು ಕಂಡವರಲ್ಲ. ಇಂದು ಬೌರಿಂಗ್‌ಪೇಟೆಯೆಂದರೆ ಯಾರಿಗೂ ತಿಳಿಯದು. ಬಂಗಾರಪೇಟೆಗೆ ಆಗ ಅದೇ ಹೆಸರು. ಅಲ್ಲಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಮೇಲೆ ಯಲಹಂಕದವರೆಗೆ ಸಣ್ಣ ಹಳಿಯ ದಾರಿಯಿದ್ದಿತು. 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಹಾಕಿದ ಈ ದಾರಿಯಲ್ಲಿ ಎರಡು ಹಳಿಗಳ ನಡುವಣ ಅಂತರ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರು ಮಾತ್ರ. ರೇಷ್ಮೆಗೂಡಿನ ವ್ಯಾಪಾರಿಗಳು, ಸಂತೆಗೆ ಹೋಗುವವರು, ಮದುವೆಯ ದಿಬ್ಬಣದವರು, ಎಲ್ಲರಿಗೂ ಅದೇ ಗತಿ. 1990ರ ದಶಕದಲ್ಲಿ ಸಣ್ಣ ಬಂಡಿಗಳು ನಿಂತುಹೋದುವು. ಚಿಕ್ಕಬಳ್ಳಾಪುರಕ್ಕೂ ಕೋಲಾರಕ್ಕೂ ನಡುವೆ ಅಗಲ ಹಳಿಯ ಮೇಲೆ ರೈಲು ಓಡತೊಡಗಿದುದು 2013ರಲ್ಲಿ. ಈಗ ನಮ್ಮೂರಿನ ಮೇಲೆ ಹಾಯುವ ಹಳಿಯ ಅಂತರ ಐದೂವರೆ ಅಡಿ.

ಬಸ್ಸನ್ನು ಅದರ ಒಡೆಯನಿಗೆ ತಲುಪಿಸುವುದು ಮೊದಲ ಕರ್ತವ್ಯವಾಯಿತು. ವಿಚಾರಿಸಲಾಗಿ ಆತನು ಊರಿನಲ್ಲೇ ಒಂದು ಮರಗೆಲಸದ ಅಂಗಡಿಯಲ್ಲಿ ಬಾಗಿಲು ಕಿಟಕಿಗಳನ್ನು ಮಾಡುತ್ತಿರುವನೆಂದು ತಿಳಿಯಿತು. ಪೊಟ್ಟಣವನ್ನು ಹಿಡಿದು ಹೋದೆನು.

“ಏನ್ ಸಾರ್, ನೀವೇ ಬಂದ್ಬಿಟ್ರಿ! ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ” ಎಂದು ಹೊಟ್ಟು ಕೊಡವಿಕೊಂಡು ಎದ್ದನು. ನಾನು ಮಾತನಾಡದೆ ಪೊಟ್ಟಣವನ್ನು ಮುಂದಿಟ್ಟೆನು. ಬಿಚ್ಚಿದನು. ಬಹಳ ಹೊತ್ತು ನೋಡಿದನು. ಕೊನೆಗೆ, “ಅವತ್ತು ನಮ್ಮಪ್ಪ ಊರಿಗೆ ಬರೋರಿದ್ರು ಸಾರ್. ತೋರಿಸ್ಬೇಕು ಅಂತ ತಂದಿದ್ದೆ” ಎಂದನು. ತಪ್ಪಾಯಿತಪ್ಪ ಎಂದೆನು. ಮೂವತ್ತಾರು ವರ್ಷದ ಸೇವೆಯಲ್ಲಿ ಶಿಷ್ಯನೊಬ್ಬನ ಎದುರಿಗೆ ಆ ಮಾತನ್ನು ನಾನು ಆಡಿದ್ದುದು ಅದೊಂದೇ ಸಲ. ಆತನಿಗೆ ಅದರಿಂದ ಸಂಕೋಚವೇ ಹೆಚ್ಚಾಗಿರಬೇಕು. ಕೂಡಲೇ ಮಾತು ತಿರುಗಿಸಿ, “ಚಕ್ರ ದೊಡ್ಡದಾಗೋಗಿದೆ, ನೋಡಿ ಸಾರ್” ಎಂದು ಬಸ್ಸನ್ನು ಮೇಲೆತ್ತಿ ಹಿಡಿದನು.

ಚಕ್ರವು ದೊಡ್ಡದೆಂದರೆ ಯಾವುದಕ್ಕೆ ದೊಡ್ಡದು? ಈ ಪ್ರಶ್ನೆಯೇ ಆ ಕಸಬಿನ ಸಾರವೆಂದು ಈಗ ನನಗೆ ತೋರುತ್ತದೆ. ಬಾಲ್ಯದಲ್ಲಿ ನಾವು ಕಟ್ಟುವುದು ಕಣ್ಣಳತೆಯಿಂದ. ಎಂಜಿನ್ನು ಇಷ್ಟವಾದರೆ ಎಂಜಿನ್ನು ದೊಡ್ಡದಾಗುವುದು. ದೊಡ್ಡವರು ಇದಕ್ಕೆ ಮರಳಿದಾಗ ಒಂದೇ ಮಾನವನ್ನು ಹಿಡಿದು ನಡೆಯಬೇಕಾಗುತ್ತದೆ. ನಮ್ಮ ಶಿಲ್ಪಶಾಸ್ತ್ರಕಾರರಿಗೆ ಇದು ಚೆನ್ನಾಗಿ ಗೊತ್ತಿದ್ದಿತು. ಎಂಟು ಯವೆಯ ಕಾಳುಗಳ ಅಗಲವು ಒಂದು ಅಂಗುಲವೆಂಬುದು ಕಟ್ಟಡಕ್ಕೆ ಸಂದ ಲೆಕ್ಕ. ಯವೆಯಿಂದ ಕೆಳಕ್ಕೆ ಹೇನು, ಸೀರು, ಕೂದಲ ತುದಿ, ರಥದ ಧೂಳಿ ಎಂದು ಎಂಟೆಂಟರಂತೆ ಇಳಿಯುತ್ತ ಪರಮಾಣುವಿನವರೆಗೆ ಹೋಗುತ್ತಾರೆ. ಆದರೆ ವಿಗ್ರಹಕ್ಕೆ ಬೇರೆ ಅಂಗುಲ. ಉತ್ತಮ ದಶತಾಲದ ಪ್ರತಿಮೆಯಾದರೆ ಅದರ ಎತ್ತರವನ್ನೇ 124 ಸಮಭಾಗ ಮಾಡಿ, ಒಂದು ಭಾಗವನ್ನು ದೇಹಾಂಗುಲವೆಂದು ಕರೆದು, ಮೂಗು, ಬೆರಳು, ಪಾದ ಎಲ್ಲವನ್ನೂ ಅದರಿಂದಲೇ ಅಳೆಯತಕ್ಕದ್ದು. ವಿಗ್ರಹವು ಗೇಣುದ್ದವಿರಲಿ ಆಳುದ್ದವಿರಲಿ, ಅದರ ಅಂಗುಲವು ಅದರದೇ. ಮೂವತ್ತು ವರ್ಷ ಇದನ್ನು ಪುಸ್ತಕದಲ್ಲಿ ಓದಿದ್ದರೂ ಅರ್ಥವಾದುದು ಬೆಂಕಿಕಡ್ಡಿಯ ಬಸ್ಸಿನಿಂದ.

ಆ ಬಸ್ಸಿನ ಉದ್ದವನ್ನು ಅಳೆದೆವು: ಎಂಟು ಇಂಚು. ನಿಜವಾದ ಬಸ್ಸು ಸುಮಾರು ಮೂವತ್ತೆರಡು ಅಡಿಯೆಂದು ಇಟ್ಟುಕೊಂಡರೆ ಅಡಿಗೆ ಕಾಲಿಂಚು, ಅಂದರೆ ನಾಲ್ವತ್ತೆಂಟರಲ್ಲಿ ಒಂದು ಪಾಲಿನ ಮಾನವಾಯಿತು. ಹುಡುಗನಿಗೆ ತಿಳಿಯದೆಯೇ ಲೋಕದಲ್ಲಿ ಬಳಕೆಯಲ್ಲಿರುವ ಮಾನವೊಂದು ಅವನ ಕೈಗೆ ಸಿಕ್ಕಿದ್ದಿತು. ಆದರೆ ಒಂದೂಕಾಲಿಂಚಿನ ಬಿರಡೆಯು ಆ ಲೆಕ್ಕದಲ್ಲಿ ಐದಡಿಯ ಚಕ್ರ! ಮನುಷ್ಯನ ಗಂಟಲಿನವರೆಗೆ ಬರುವ ಚಕ್ರದ ಬಸ್ಸನ್ನು ನೆನೆದು ಇಬ್ಬರೂ ನಕ್ಕೆವು. ಬೇರೆ ಮಾನಗಳೂ ಇವೆ. 1936ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾಗ್ ಪೆಂಗ್ವಿನ್ ಎಂಬ ಹೆಸರಿನಿಂದ ಹೊರಟ ಪ್ಲಾಸ್ಟಿಕ್ಕಿನ ವಿಮಾನಗಳು ಎಪ್ಪತ್ತೆರಡರಲ್ಲಿ ಒಂದು ಪಾಲು. ಅಲ್ಲಿ ಆರಡಿಯ ಆಳು ಒಂದಿಂಚು. ನಮಗೆ ಬಸ್ಸಿನ ಮಾನವೇ ಸಾಕೆನಿಸಿತು. ಅದೇ ಮಾನದಲ್ಲಿ ಸಣ್ಣ ಹಳಿಯ ರೈಲನ್ನೂ ನಿಲ್ದಾಣವನ್ನೂ ಮಾಡಿ, ಬರುವ ದಸರಾ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಇಡುವುದೆಂದು ಗೊತ್ತುಮಾಡಿದೆವು. ಗೊಂಬೆಯ ಹಬ್ಬಕ್ಕೆ ರಾಗಿಯ ಪೈರು ಬೆಳೆಸಿ, ಕನ್ನಡಿಯನ್ನು ಕೆರೆ ಮಾಡಿ, ಮಣ್ಣಿನ ಬೆಟ್ಟ ಕಟ್ಟುವ ಮನೆಗಳಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಮಾನವೊಂದು ಸೇರಿತು, ಅಷ್ಟೆ.

ಭಾನುವಾರ ಭಾನುವಾರ ಆತನು ಬರತೊಡಗಿದನು. ಮೊದಲನೆಯ ದಿನ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಎರಡೂವರೆ ಅಡಿ ಅಂತರಕ್ಕೆ ಎರಡು ಗೆರೆ ಎಳೆದೆನು. ನನಗೆ ನಂಬಿಕೆಯೇ ಬರಲಿಲ್ಲ. ನನ್ನ ನೆನಪಿನ ಹಳಿಗಳು ಎಷ್ಟು ದೂರ ದೂರವಿದ್ದುವು! ಒಂದರಿಂದ ಒಂದಕ್ಕೆ ಹಾರಬೇಕಾಗುತ್ತಿತ್ತು. ನೆಲದ ಗೆರೆಗಳ ನಡುವೆ ನಮ್ಮ ಊಟದ ಮಣೆ ಹಿಡಿದು ಸ್ವಲ್ಪವೇ ಮಿಕ್ಕಿತು. ಹಾಗಾದರೆ ನೆನಪಿನಿಂದ ಕಟ್ಟಲು ಹೊರಟ ನಿಲ್ದಾಣದ ಗತಿ? ಸಂದೇಹ ಹತ್ತಿತು. ನಂದಿ ಹಾಲ್ಟಿನಲ್ಲಿ ಆ ಕಾಲದ ನಿಲ್ದಾಣದ ಕಟ್ಟಡ ಇನ್ನೂ ನಿಂತಿರುವುದರಿಂದ ಅಲ್ಲಿಗೆ ಹೋಗಿ, ಅಲ್ಲಿದ್ದವರ ಅಪ್ಪಣೆ ಪಡೆದು, ಟೇಪು ಹಿಡಿದು ಬಾಗಿಲು, ಕಿಟಕಿ, ಸೂರಿನ ಚಾಚುಗಳನ್ನು ಬರೆದುಕೊಂಡು ಬಂದೆವು. (ಹಳಿಯ ಮೇಲೆ ಇಳಿದು ಅಳೆಯುವ ಸಾಹಸವನ್ನು ಯಾರೂ ಮಾಡಕೂಡದು.) ಮೈಸೂರಿಗೆ ಹೋಗುವವರು ಅಲ್ಲಿ 1979ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್ನು ಡಬ್ಬಿಗಳ ಪಕ್ಕದಲ್ಲಿ ನಿಂತು ತಮ್ಮ ನೆನಪುಗಳನ್ನು ಹೀಗೆಯೇ ಪರೀಕ್ಷಿಸಿಕೊಳ್ಳಬಹುದು.

ಸಾಮಗ್ರಿಯ ವಿಚಾರ. ಗೋಡೆಗಳಿಗೆ ಮದುವೆಯ ಆಹ್ವಾನಪತ್ರಿಕೆಗಳ ದಪ್ಪ ರಟ್ಟಿಗಿಂತ ಉತ್ತಮವಾದುದಿಲ್ಲ. ಪ್ರತಿ ಮನೆಯಲ್ಲೂ ಅದರ ರಾಶಿಯಿರುತ್ತದೆ. ಹಳಿಯ ಕೆಳಗಿನ ಅಡ್ಡಮರಗಳಿಗೆ ಬೆಂಕಿಕಡ್ಡಿ ಸಣ್ಣದಾಯಿತು. ಐದಡಿ ಉದ್ದದ ದಿಮ್ಮಿಯು ನಮ್ಮ ಮಾನದಲ್ಲಿ ಒಂದೂಕಾಲಿಂಚು. ಐಸ್‌ಕ್ರೀಮಿನ ಕಡ್ಡಿಯನ್ನು ಉದ್ದಕ್ಕೆ ಸೀಳಿ ತುಂಡುಮಾಡಿದರೆ ಸರಿಹೋಗುತ್ತದೆ. ಅಂಟಿಗೆ ಮೈದಾ ಸಾಕು, ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳು ಬಾರದು. ಆದರೆ ತುತ್ತವು ವಿಷವಾದುದರಿಂದ ಅದರ ಪಾತ್ರೆಯನ್ನು ಅಡಿಗೆಮನೆಗೂ ಮಕ್ಕಳಿಗೂ ದೂರವಿಡಬೇಕು. ಅಲಗನ್ನು ಆಗಾಗ್ಗೆ ಬದಲಾಯಿಸಿರಿ. ಮೊಂಡಾದ ಅಲಗೇ ಬೆರಳನ್ನು ಕೊಯ್ಯುವುದು. ನನ್ನ ಕೈ ಈಗ ಸ್ವಲ್ಪ ನಡುಗುವುದರಿಂದ ಮೊಣಕೈಯನ್ನು ಮೇಜಿಗೆ ಊರಿ, ಉಸಿರನ್ನು ಬಿಟ್ಟಾದ ಮೇಲೆ ಕೊಯ್ಯುತ್ತೇನೆ. ಕಣ್ಣಿಗೆ ಬೂದುಗಾಜು, ಹಗಲಿನ ಬೆಳಕು ಮಾತ್ರ.

ಹಳಿಯ ನಡುವಣ ಜಲ್ಲಿಯ ವಿಷಯದಲ್ಲಿ ನಾನು ಬುದ್ಧಿವಂತಿಕೆ ತೋರಿಸಹೋಗಿ ಕೆಟ್ಟೆನು. ಎರಡಿಂಚಿನ ಜಲ್ಲಿಯು ನಾಲ್ವತ್ತೆಂಟರಲ್ಲಿ ಒಂದು ಪಾಲಾದರೆ ಹತ್ತಿರ ಹತ್ತಿರ ಒಂದು ಮಿಲಿಮೀಟರು. ರಾಗಿಯ ಕಾಳು ಅದಕ್ಕೆ ಕೂದಲೆಳೆಯಷ್ಟೇ ಹೆಚ್ಚು. ನಮ್ಮ ಸೀಮೆಗೆ ತಕ್ಕ ಜಲ್ಲಿ! ಒಂದು ಬಟ್ಟಲು ರಾಗಿಯನ್ನು ಅಂಟಿನ ಮೇಲೆ ಸುರಿದೆನು. “ಅನ್ನವನ್ನು ಅಂಟಿಗೆ ಹಾಕುತ್ತೀರಲ್ಲ, ನೋಡಿ” ಎಂದು ಮನೆಯಾಕೆ ಎಚ್ಚರಿಸಿದಳು. ಆ ಗಳಿಗೆಯಲ್ಲಿ ಕೇಳುವವನು ಯಾರು? ಮೂರನೆಯ ದಿನ ಬೆಳಗ್ಗೆ ನೋಡಿದರೆ ಚಿಂತಾಮಣಿಯ ನಿಲ್ದಾಣದಿಂದ ಗೋಡೆಯ ಬಿರುಕಿನವರೆಗೆ ಇರುವೆಗಳ ಸಾಲು ರೈಲಿಗಿಂತ ನಿಯಮಿತವಾಗಿ ಸಂಚರಿಸುತ್ತಿದ್ದಿತು. ರಾಗಿಗೆ ತುತ್ತವಿಲ್ಲದ ಅಂಟನ್ನು ಬಳಸಿದ್ದೆನೆಂದು ಒಪ್ಪಿಕೊಳ್ಳಬೇಕು. ಎಲ್ಲವನ್ನೂ ಕೆರೆದು ತೆಗೆದು, ಹಳೆಯ ಜರಡಿಯಲ್ಲಿ ಮರಳನ್ನು ಹಿಡಿದು ಹಾಕಿದೆವು.

ಜಾಗದ ಭಯವೂ ಬೇಡ. ನಾಲ್ಕಡಿ ಉದ್ದದ ಹಲಗೆಯಲ್ಲಿ ನೂರ ತೊಂಬತ್ತೆರಡು ಅಡಿಯ ಲೋಕ ಅಡಗುತ್ತದೆ. ಆಶೆ ಹೆಚ್ಚಾದರೆ ಮಾತ್ರ ಕಷ್ಟ. ಒಂದು ಕಿಲೋಮೀಟರು ದಾರಿಯನ್ನು ಮಾಡಹೊರಟರೆ ಇಪ್ಪತ್ತೊಂದು ಮೀಟರು ಜಗಲಿ ಬೇಕು.

ಈಗ ನಮ್ಮಿಬ್ಬರಿಗೂ ಒಂದು ವ್ಯಾಜ್ಯ ನಡೆದಿದೆ. ಲೆಕ್ಕದ ಪ್ರಕಾರ ನಮ್ಮ ಹಳಿಗಳ ಅಂತರ ಐದೆಂಟಾಂಶ ಇಂಚು, ಎಂದರೆ 15.9 ಮಿಲಿಮೀಟರು ಆಗಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹಳಿ ಮತ್ತು ಚಕ್ರಗಳು 16.5 ಮಿಲಿಮೀಟರಿನವು. ಹೊರದೇಶಗಳಲ್ಲಿ ಎರಡೂವರೆ ಅಡಿಯ ಹಳಿಯ ರೈಲುಗಳನ್ನು ಕಟ್ಟುವವರು ಬಹುಮಂದಿ ಇದನ್ನೇ ಒಪ್ಪಿಕೊಂಡಿದ್ದಾರೆ. ವ್ಯತ್ಯಾಸವು ಮಿಲಿಮೀಟರಿಗಿಂತ ಕಡಮೆ. ನಿಜವಾದ ಹಳಿಗೆ ಏರಿಸಿದರೆ ಮೂವತ್ತು ಮಿಲಿಮೀಟರು, ಬಂಡಿ ಕೆಳಗೆ ಬೀಳುವಷ್ಟು. ನಾನು ಒಪ್ಪಲಾರೆ. ಆತನೋ, “ಇಷ್ಟಕ್ಕೆಲ್ಲ ಯಾರು ಸಾರ್ ಅಳೆದು ನೋಡ್ತಾರೆ? ದಸರಾ ಹೊತ್ತಿಗೆ ಓಡಬೇಕಲ್ಲ” ಎನ್ನುತ್ತಾನೆ. ಹಿತ್ತಾಳೆಯ ಚಕ್ರಗಳನ್ನು ಕಡೆಸಿಕೊಡುವವರನ್ನು ಹುಡುಕಲು ನನಗೆ ಹದಿನೈದು ದಿನದ ವಾಯಿದೆ ಕೊಟ್ಟಿದ್ದಾನೆ. ಅಷ್ಟರೊಳಗೆ ಸಿಗದಿದ್ದರೆ ಅಂಗಡಿಯ ಚಕ್ರಗಳೇ.

ಬಸ್ಸನ್ನು ಆತನು ಮನೆಗೆ ಒಯ್ದು ತನ್ನ ಮಗಳಿಗೆ ತೋರಿಸಿ, ಒಂದು ವಾರ ಇಟ್ಟುಕೊಂಡು, ನಿಲ್ದಾಣದ ಹೊರಗೆ ನಿಲ್ಲಿಸಲೆಂದು ತಾನಾಗಿಯೇ ಮರಳಿ ತಂದನು. ಸರಿಯಾದ ಅಳತೆಯ ಚಕ್ರಗಳನ್ನು ಮರದಲ್ಲಿ ಕಡೆದು ಜೇಬಿನಲ್ಲಿಯೇ ತಂದಿದ್ದನು. ಅವನ್ನು ಹಾಕಬೇಡವೆಂದೆ. ಮಾನದ ವಿಷಯದಲ್ಲಿ ಇಷ್ಟು ಜಗಳವಾಡುವ ಮೇಷ್ಟರು ಇದನ್ನು ಹೇಗೆ ಸಹಿಸುತ್ತಾರೆಂದು ಆತನಿಗೆ ಆಶ್ಚರ್ಯ. ಬಸ್ಸು ಐದಡಿಯ ಚಕ್ರಗಳ ಮೇಲೆಯೇ ನಿಂತಿದೆ. ಟಿಕೆಟ್ಟಿನ ಕೋಣೆಯ ಹಂಚು ಹೊದಿಸುವುದು ಇನ್ನೂ ಬಾಕಿಯಿದೆ.