ಸ್ವರದ ಹಾಳೆ ಎಷ್ಟು ದೂರದಲ್ಲಿದೆ?

ಮಕ್ಕಳೇ, ನಮ್ಮ ಪೋತ್ತನೂರು ಹಳೆಯ ರೈಲು ಜಂಕ್ಷನ್. ರೈಲ್ವೆ ಕೆಲಸದ ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಸಿದ ಊರು. ಇಂಥ ಊರಲ್ಲಿ ಕೀಬೋರ್ಡ್, ಪಿಟೀಲು ಕಲಿಯೋ ಆಸೆ ಯಾರಿಗಿಲ್ಲ? ಪಾಶ್ಚಾತ್ಯ ಸ್ವರಲಿಪಿಯಲ್ಲಿ ಇರೋದು ಐದು ಗೆರೆ. ಚುಕ್ಕೆ ಯಾವ ಗೆರೆ ಮೇಲಿದೆ ಅಂತ ಕಾಣದಿದ್ದರೆ ಸ್ವರವೇ ತಪ್ಪುತ್ತೆ. ಆಗ ಸಿಗೋದು ‘ಅಭ್ಯಾಸ ಮಾಡಿಲ್ಲ’ ಅನ್ನೋ ಬೈಗುಳ!

ಲೆಕ್ಕ ನೋಡಿ. ಮೈನಸ್ 2 ಪವರ್ ಇರುವ ಕಣ್ಣಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವ ಗರಿಷ್ಠ ದೂರ 100 ÷ 2 = 50 ಸೆಂ.ಮೀ. ಕೈಯಲ್ಲಿ ಹಿಡಿದ ಪುಸ್ತಕ ಸುಮಾರು 35 ಸೆಂ.ಮೀ. ದೂರ, ಅದು ಚೆನ್ನಾಗಿ ಕಾಣುತ್ತೆ. ಸ್ಟ್ಯಾಂಡ್ 70 ಸೆಂ.ಮೀ. ದೂರದಲ್ಲಿದ್ದರೆ ಹಾಳೆ ಮಸುಕು.

ನಾಚಿಕೆಯಿಂದ ಕನ್ನಡಕ ತೆಗೆದಿಡಬೇಡಿ. ಸ್ಟ್ಯಾಂಡಿನ ದೂರ ಅಳೆದು ಕಣ್ಣಿನ ಡಾಕ್ಟರಿಗೆ ಹೇಳಿ. ಕಲಿಸುವವರೂ ಬೈಯುವ ಮೊದಲು ‘ಕಾಣ್ತಿದೆಯಾ?’ ಅಂತ ಕೇಳಲೇಬೇಕು.